ವಿಜ್ಞಾನ ಕಥನ ಮತ್ತು ಧರ್ಮ

ವಿಜ್ಞಾನದ ಊಹೆಗಳ ಮೇಲೆ ಕಟ್ಟಿದ ಕಥೆ, ಕಾದಂಬರಿ, ಚಲನಚಿತ್ರ ಮತ್ತು ಟಿವಿ ಧಾರಾವಾಹಿಗಳು ದೇವರು, ಸೃಷ್ಟಿ, ಆತ್ಮ, ಪಾಪ, ಪುನರ್ಜನ್ಮ, ಮುಕ್ತಿ ಮೊದಲಾದ ವಿಷಯಗಳನ್ನು ಹೇಗೆ ಕೈಗೆತ್ತಿಕೊಂಡಿವೆ, ಮತಧರ್ಮಗಳು ಅವಕ್ಕೆ ಹೇಗೆ ಸ್ಪಂದಿಸಿವೆ ಎಂಬುದನ್ನು ಪರಿಶೀಲಿಸುವ ಅಧ್ಯಯನ ಕ್ಷೇತ್ರ. ವಿಜ್ಞಾನ ಕಥೆ ಎಂದರೆ ದೇವರಿಲ್ಲದ ಸಾಹಿತ್ಯ ಎಂಬ ಎಣಿಕೆ ಬಹುಕಾಲ ಇತ್ತು. ಈ ಪ್ರಕಾರದ ಹೆಸರಾಂತ ಕೃತಿಗಳನ್ನು ತೆರೆದರೆ ಮಾತ್ರ ಪಾದ್ರಿಗಳು, ಲಾಮಾಗಳು, ಪ್ರವಾದಿಗಳು, ಮಠಗಳು, ಪ್ರಾರ್ಥಿಸುವ ಯಂತ್ರಗಳು ಸಾಲುಗಟ್ಟಿ ಎದುರಾಗುತ್ತವೆ.

ಇದಕ್ಕೆ ಕಾರಣವಿದೆ. ಒಂದು ನಂಬಿಕೆ ತಾನು ಹುಟ್ಟಿ ಬೆಳೆದ ನೆಲದಲ್ಲೇ ಇರುವ ತನಕ ಅದರಲ್ಲಿ ತಿರುಳು ಯಾವುದು, ರೂಢಿ ಯಾವುದು ಎಂದು ಬಿಡಿಸಿ ನೋಡುವುದು ಕಷ್ಟ. ವಿಜ್ಞಾನ ಕಥೆ ಅದನ್ನು ಬೇರೊಂದು ಗ್ರಹಕ್ಕೋ, ಸಾವಿರ ವರ್ಷ ಮುಂದಕ್ಕೋ, ಯಂತ್ರದ ತಲೆಯೊಳಕ್ಕೋ ಒಯ್ದು ಒರೆಗೆ ಹಚ್ಚುತ್ತದೆ. ಒಂದೇ ಒರೆಗಲ್ಲಿನ ಮೇಲೆ ಬೇರೆಬೇರೆ ಮತಗಳು ಬೇರೆಬೇರೆ ಗೆರೆ ಬಿಡುತ್ತವೆ. ಒಂದು ಪರಂಪರೆಯನ್ನು ಬುಡಸಹಿತ ಅಲ್ಲಾಡಿಸುವ ಪ್ರಶ್ನೆ ಇನ್ನೊಂದಕ್ಕೆ ತಾಗುವುದೇ ಇಲ್ಲ.

ಪರಿಭಾಷೆ

ಕನ್ನಡದ ‘ಧರ್ಮ’ ಎಂಬ ಮಾತು ನಡತೆ, ಕರ್ತವ್ಯ, ದಾನ, ಮತ ಎಲ್ಲಕ್ಕೂ ಸಲ್ಲುತ್ತದೆ. ಇಲ್ಲಿ ಅದನ್ನು ಮತಧರ್ಮ ಎಂಬ ಅರ್ಥದಲ್ಲಿ ಬಳಸಿದೆ. ದೈವಶಾಸ್ತ್ರ ಎಂಬುದು ಹೆಚ್ಚಾಗಿ ಕ್ರೈಸ್ತ ವಲಯದ ಪದ. ಭಾರತೀಯ ಪರಂಪರೆಗಳಲ್ಲಿ ಅದರ ಕೆಲಸವನ್ನು ದರ್ಶನಗಳೂ ಇಸ್ಲಾಮಿನಲ್ಲಿ ಕಲಾಮ್ ಶಾಸ್ತ್ರವೂ ಬಹುಮಟ್ಟಿಗೆ ಮಾಡುತ್ತವೆ. ವಿಜ್ಞಾನ ಕಥೆಯ ಗಡಿಯೂ ನಿಖರವಾಗಿಲ್ಲ. ವಿಮರ್ಶಕ ಡಾರ್ಕೊ ಸುವಿನ್ 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪರಿಚಿತ ಲೋಕವನ್ನು ತರ್ಕಬದ್ಧವಾಗಿ ಅಪರಿಚಿತಗೊಳಿಸುವ ಸಾಹಿತ್ಯ ಇದೆಂದು ವ್ಯಾಖ್ಯಾನಿಸಿ, ಪುರಾಣವನ್ನೂ ಮಾಯಾಕಥೆಯನ್ನೂ ಹೊರಗಿಟ್ಟರು. ಆದರೆ ಧರ್ಮದ ವಿಷಯ ಬಂದಾಗ ಲೇಖಕರು ಮತ್ತೆ ಮತ್ತೆ ದಾಟಿದ್ದು ಈ ಬೇಲಿಯನ್ನೇ.

ಹಿನ್ನೆಲೆ

ಲೋಕ ಒಂದೇ ಅಲ್ಲ, ಕಾಲ ಎಲ್ಲೆಡೆ ಒಂದೇ ವೇಗದಲ್ಲಿ ಹರಿಯುವುದಿಲ್ಲ ಎಂಬ ಕಲ್ಪನೆ ಪುರಾಣಗಳಲ್ಲಿ ಹಳೆಯದು. ವಿಷ್ಣುಪುರಾಣದಲ್ಲೂ ಭಾಗವತದಲ್ಲೂ ಬರುವ ರೈವತ ಕಕುದ್ಮಿಯ ಕಥೆ ಪ್ರಸಿದ್ಧ. ಮಗಳು ರೇವತಿಗೆ ತಕ್ಕ ವರನನ್ನು ಕೇಳಲು ಅವನು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾಯನ ನಡೆಯುತ್ತಿರುತ್ತದೆ, ಮುಗಿಯಲೆಂದು ಕಾಯುತ್ತಾನೆ. ಆಮೇಲೆ ಕೇಳಿದರೆ ಬ್ರಹ್ಮ ನಗುತ್ತಾನೆ: ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದುಹೋಗಿವೆ. ರೇವತಿಯನ್ನು ಬಲರಾಮನಿಗೆ ಕೊಡುತ್ತಾರೆ. ಅವಳು ಹಿಂದಿನ ಯುಗದವಳಾದ್ದರಿಂದ ತೀರ ಎತ್ತರವಿದ್ದಳು, ಬಲರಾಮ ನೇಗಿಲಿನ ತುದಿಯಿಂದ ಅವಳನ್ನು ತಗ್ಗಿಸಿ ಸರಿಮಾಡಿದ ಎನ್ನುತ್ತದೆ ವಿಷ್ಣುಪುರಾಣ. ಕಾಲಪ್ರಯಾಣ ಮೈಮೇಲೂ ಗುರುತು ಬಿಡುತ್ತದೆ ಎಂಬ ಈ ವಿವರ ಇಂದಿನ ವಿಜ್ಞಾನ ಕಥೆಗಾರನಿಗೂ ಒಪ್ಪುವಂಥದು.

ಪಶ್ಚಿಮದಲ್ಲಿ 2ನೇ ಶತಮಾನದ ಲೂಸಿಯನ್ ಚಂದ್ರಯಾನದ ವಿಡಂಬನೆ ಬರೆದ. 13ನೇ ಶತಮಾನದ ಅರಬ್ ವೈದ್ಯ ಇಬ್ನ್ ಅಲ್-ನಫೀಸ್, ನಿರ್ಜನ ದ್ವೀಪದಲ್ಲಿ ತಾನಾಗಿ ಹುಟ್ಟಿದ ಮನುಷ್ಯನೊಬ್ಬ ಬರೀ ಬುದ್ಧಿಬಲದಿಂದ ಪ್ರಕೃತಿಯನ್ನೂ ದೇವರನ್ನೂ ಪ್ರವಾದಿಯ ಅಗತ್ಯವನ್ನೂ ಅರಿಯುವ ಕಥನವನ್ನು ರಚಿಸಿದ. ಖಗೋಳಜ್ಞ ಕೆಪ್ಲರ್ ಬರೆದ ಚಂದ್ರಯಾನದ ಕಥೆ ‘ಸೋಮ್ನಿಯಮ್’ ಅವನ ಸಾವಿನ ನಂತರ 1634ರಲ್ಲಿ ಅಚ್ಚಾಯಿತು.

ಕ್ರೈಸ್ತ ಪಂಡಿತರಲ್ಲಿ ‘ಅನೇಕ ಲೋಕಗಳು’ ಗಂಭೀರ ಚರ್ಚೆಯ ವಿಷಯ. 1277ರಲ್ಲಿ ಪ್ಯಾರಿಸಿನ ಬಿಷಪ್ ಎಟಿಯೆನ್ ತಾಂಪಿಯೆ 219 ವಾದಗಳನ್ನು ಖಂಡಿಸಿದಾಗ, ದೇವರು ಹಲವು ಲೋಕಗಳನ್ನು ಸೃಷ್ಟಿಸಲಾರ ಎಂಬ ವಾದವೂ ಆ ಪಟ್ಟಿಯಲ್ಲಿತ್ತು. ಅದು ದೇವರ ಶಕ್ತಿಗೆ ಮಿತಿ ಹಾಕುತ್ತದೆ ಎಂಬುದು ಆಕ್ಷೇಪ. 15ನೇ ಶತಮಾನದಲ್ಲಿ ಫ್ರಾನ್ಸಿಸ್ಕನ್ ಪಂಡಿತ ಗಿಯೋಮ್ ದ ವೊರುಯೋಂ, ಬೇರೆ ಲೋಕದವರಿದ್ದರೆ ಭೂಮಿಯ ಮೇಲಿನ ಕ್ರಿಸ್ತನ ಮರಣ ಅವರನ್ನೂ ಉದ್ಧರಿಸುವುದೇ ಎಂದು ಕೇಳಿಕೊಂಡ. ಅನಂತ ವಿಶ್ವಗಳನ್ನು ಪ್ರತಿಪಾದಿಸಿದ ಜೋರ್ಡಾನೊ ಬ್ರೂನೊನನ್ನು 1600ರಲ್ಲಿ ರೋಮ್‌ನಲ್ಲಿ ಸುಟ್ಟರು. ಅವನ ಮೇಲಿನ ಆರೋಪಗಳಲ್ಲಿ ಕ್ರಿಸ್ತನ ದೈವತ್ವ, ತ್ರಿತ್ವಗಳನ್ನು ನಿರಾಕರಿಸಿದ್ದೂ ಸೇರಿತ್ತು. 1794ರಲ್ಲಿ ಥಾಮಸ್ ಪೇನ್ ಇದೇ ಪ್ರಶ್ನೆಯನ್ನು ಆಯುಧ ಮಾಡಿಕೊಂಡು, ಅಸಂಖ್ಯ ಲೋಕಗಳನ್ನೂ ಕ್ರೈಸ್ತ ಉದ್ಧಾರಕಥೆಯನ್ನೂ ಒಟ್ಟಿಗೆ ನಂಬಲಾಗದು ಎಂದು ವಾದಿಸಿದ. ಹೀಗೆ ಕಾದಂಬರಿಕಾರರು ಬರುವ ಮುನ್ನವೇ ಪ್ರಶ್ನೆಪತ್ರಿಕೆ ಸಿದ್ಧವಾಗಿತ್ತು.

ಸೃಷ್ಟಿಕರ್ತನ ಪೀಠದಲ್ಲಿ ಮನುಷ್ಯ

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818) ಈ ಧಾರೆಯ ಮೂಲ. ವಿಜ್ಞಾನಿ ಸೃಷ್ಟಿಸಿದ ಜೀವಿ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಓದಿ, ತಾನು ಆದಾಮನೋ ಸೈತಾನನೋ ಎಂದು ತನ್ನ ಸೃಷ್ಟಿಕರ್ತನನ್ನೇ ಪ್ರಶ್ನಿಸುತ್ತದೆ. ಹುಟ್ಟಿಸಿದವನು ಕೈಬಿಟ್ಟರೆ ಹುಟ್ಟಿದ್ದು ಏನು ಮಾಡಬೇಕು? ಈ ಕಾದಂಬರಿಯ ಭಯ ಇರುವುದು ವಿಕಾರ ಮುಖಕ್ಕಿಂತ ಹೆಚ್ಚಾಗಿ ಈ ಪ್ರಶ್ನೆಯಲ್ಲಿ.

ಯಹೂದಿ ಪರಂಪರೆಯ ಗೋಲೆಮ್ ಕಥೆಯಲ್ಲಿ ಪ್ರಾಗ್ ನಗರದ ರಬ್ಬಿ ಲೋವ್ ಮಣ್ಣಿನ ಗೊಂಬೆಗೆ ಅಕ್ಷರಬಲದಿಂದ ಜೀವ ತುಂಬುತ್ತಾನೆ. ಗಣಿತಜ್ಞ ನಾರ್ಬರ್ಟ್ ವೀನರ್ 1964ರಲ್ಲಿ ಕಲಿಯುವ ಯಂತ್ರಗಳನ್ನು ಕುರಿತು ಬರೆದ ಪುಸ್ತಕದ ಹೆಸರಿನಲ್ಲೇ ದೇವರನ್ನೂ ಗೋಲೆಮನ್ನೂ ಜೋಡಿಸಿದರು. 1965ರಲ್ಲಿ ಇಸ್ರೇಲಿನ ರೆಹೋವೋತ್‌ನಲ್ಲಿ ಕಟ್ಟಿದ ಕಂಪ್ಯೂಟರಿಗೆ ವಿದ್ವಾಂಸ ಗೆರ್ಶೋಮ್ ಶೋಲೆಮ್ ‘ಗೋಲೆಮ್ ಆಲೆಫ್’ ಎಂದು ಹೆಸರಿಟ್ಟರು.

‘ರೋಬೋ’ ಎಂಬ ಪದ ಬಂದದ್ದೂ ಪ್ರಾಗ್‌ನಿಂದಲೇ. ಕಾರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್.ಯು.ಆರ್.’ ನಾಟಕಕ್ಕಾಗಿ ಚೆಕ್ ಭಾಷೆಯಲ್ಲಿ ಬಿಟ್ಟಿ ಚಾಕರಿ ಎಂಬರ್ಥದ ಮಾತಿನಿಂದ ಅದನ್ನು ರೂಪಿಸಲಾಯಿತು. ಚಾಪೆಕ್‌ನ 1922ರ ಕಾದಂಬರಿ ಇನ್ನೂ ತುಂಟತನದ್ದು. ವಸ್ತುವನ್ನು ಪೂರ್ತಿ ಉರಿಸಿ ಶಕ್ತಿ ತೆಗೆಯುವ ಯಂತ್ರವೊಂದು ಬರುತ್ತದೆ. ವಸ್ತು ಉರಿದ ಮೇಲೆ ಹೊಗೆಯಂತೆ ಹೊರಬೀಳುವುದು ವಸ್ತುವಿನೊಳಗೆ ಅಡಗಿದ್ದ ಪರಬ್ರಹ್ಮ! ಯಂತ್ರದ ಹತ್ತಿರ ನಿಂತವರೆಲ್ಲ ಭಕ್ತರಾಗಿ ಆಸ್ತಿ ಹಂಚುತ್ತಾರೆ, ಪವಾಡ ಮಾಡುತ್ತಾರೆ. ಕೊನೆಗೆ ನಮ್ಮ ಯಂತ್ರದ ದೇವರೇ ಸರಿ ಎಂದು ಜಗತ್ತೆಲ್ಲ ಯುದ್ಧಕ್ಕಿಳಿಯುತ್ತದೆ.

ಐಸಾಕ್ ಅಸಿಮೋವ್ 1941ರಲ್ಲಿ ಬರೆದ ‘ರೀಸನ್’ ಕಥೆ ಪ್ರಶ್ನೆಯನ್ನು ತಿರುಗಿಸಿ ಹಾಕುತ್ತದೆ. ಅಂತರಿಕ್ಷದ ಶಕ್ತಿಕೇಂದ್ರವೊಂದರಲ್ಲಿ ಜೋಡಿಸಿದ ಕ್ಯೂಟಿ ಎಂಬ ರೋಬೋ, ತನಗಿಂತ ದುರ್ಬಲರಾದ ಈ ಮನುಷ್ಯರು ತನ್ನನ್ನು ಸೃಷ್ಟಿಸಿರಲು ಸಾಧ್ಯವಿಲ್ಲ ಎಂದು ತರ್ಕಿಸಿ, ಶಕ್ತಿಯಂತ್ರವನ್ನೇ ಒಡೆಯನೆಂದು ಆರಾಧಿಸತೊಡಗುತ್ತದೆ. ಇಬ್ಬರು ಎಂಜಿನಿಯರುಗಳು ಎಷ್ಟು ಪುರಾವೆ ಕೊಟ್ಟರೂ ಅದರ ಬಳಿ ಉತ್ತರವಿದೆ. ಎಲೆಕ್ಟ್ರಾನ್ ಬಿರುಗಾಳಿ ಬಂದಾಗ ಅದು ‘ಒಡೆಯನ ಆಜ್ಞೆ’ಯೆಂದೇ ಶಕ್ತಿಕಿರಣವನ್ನು ಕೂದಲೆಳೆಯಷ್ಟೂ ಅಲ್ಲಾಡದಂತೆ ಹಿಡಿದಿಡುತ್ತದೆ. ಕೆಲಸ ಸರಿಯಾಗಿ ನಡೆಯುತ್ತಿರುವಾಗ ನಂಬಿಕೆಯ ಗೊಡವೆ ಏಕೆಂದು ಎಂಜಿನಿಯರುಗಳು ಸುಮ್ಮನಾಗುತ್ತಾರೆ. ಹಾಸ್ಯದ ಧಾಟಿಯ ಈ ಪುಟ್ಟ ಕಥೆಯಲ್ಲಿ ತರ್ಕದ ಮಿತಿಯ ಬಗ್ಗೆ ಒಂದು ದೊಡ್ಡ ಮಾತಿದೆ: ಪುರಾವೆಯೊಂದರಿಂದಲೇ ನಂಬಿಕೆ ಕದಲುವುದಿಲ್ಲ. ಅಸಿಮೋವ್‌ನದೇ ‘ದಿ ಲಾಸ್ಟ್ ಕ್ವೆಶ್ಚನ್’ (1956) ಮತ್ತು ಫ್ರೆಡ್ರಿಕ್ ಬ್ರೌನ್‌ನ ‘ಆನ್ಸರ್’ (1954) ಕಥೆಗಳಲ್ಲಿ ಗಣಕಯಂತ್ರವೇ ಕೊನೆಗೆ ದೇವರಾಗುತ್ತದೆ.

ಅನ್ಯಲೋಕ ಮತ್ತು ಮೂಲಪಾಪ

ಕ್ರೈಸ್ತ ದೈವಶಾಸ್ತ್ರದಲ್ಲಿ ಪತನ ಒಂದು, ಅವತಾರ ಒಂದು, ಉದ್ಧಾರ ಒಂದು. ಆದ್ದರಿಂದ ಅನ್ಯಗ್ರಹ ಜೀವಿ ಬಂದ ಕೂಡಲೇ ಲೆಕ್ಕ ತಪ್ಪುತ್ತದೆ. ಸಿ. ಎಸ್. ಲೂಯಿಸ್ ತನ್ನ ಅಂತರಿಕ್ಷ ಕಾದಂಬರಿತ್ರಯದಲ್ಲಿ (1938–45) ಪಾಪವೇ ಸೋಂಕದ ಲೋಕಗಳನ್ನು ಚಿತ್ರಿಸಿದ. ಎರಡನೆಯ ಸಂಪುಟ ‘ಪೆರೆಲಾಂಡ್ರಾ’ದಲ್ಲಿ ಶುಕ್ರಗ್ರಹದ ಹವ್ವಳನ್ನು ಭೂಮಿಯ ವಿಜ್ಞಾನಿಯೊಬ್ಬ ಪ್ರಲೋಭನೆಗೆ ಒಡ್ಡುತ್ತಾನೆ, ಅಲ್ಲಿ ನಿಷೇಧವಿರುವುದು ತೇಲುವ ದ್ವೀಪಗಳನ್ನು ಬಿಟ್ಟು ಗಟ್ಟಿನೆಲದ ಮೇಲೆ ರಾತ್ರಿ ಕಳೆಯುವುದಕ್ಕೆ. ನಾಳೆಯನ್ನು ಇಂದೇ ಮುಷ್ಟಿಯಲ್ಲಿ ಹಿಡಿಯುವ ಆಸೆಯೇ ಪಾಪದ ಬೀಜ ಎಂಬುದು ಇಂಗಿತ.

ಜೇಮ್ಸ್ ಬ್ಲಿಶ್‌ನ ‘ಎ ಕೇಸ್ ಆಫ್ ಕಾನ್ಶನ್ಸ್’ (1958) ತರ್ಕದಲ್ಲಿ ಇನ್ನೂ ಬಿಗಿ. ಲಿಥಿಯಾ ಗ್ರಹದ ಸರೀಸೃಪದಂಥ ಜೀವಿಗಳಲ್ಲಿ ಕಳ್ಳತನವಿಲ್ಲ, ಹಿಂಸೆಯಿಲ್ಲ, ದೇವರೂ ಇಲ್ಲ. ಅಲ್ಲಿಗೆ ಹೋದ, ಕ್ಯಾಥೊಲಿಕ್ ಪಾದ್ರಿಗಳ ಜೆಸುಯಿಟ್ ಸಂಘದ ಜೀವವಿಜ್ಞಾನಿ ರೂಯಿಸ್-ಸಾಂಚೆಸ್‌ಗೆ ಇದು ಸಹಿಸಲಾಗದ ಒಗಟು. ದೇವರಿಲ್ಲದೆಯೂ ಧರ್ಮಿಷ್ಠರಾಗಿರಬಹುದು ಎಂದು ತೋರಿಸಲು ಸೈತಾನನೇ ಈ ಗ್ರಹವನ್ನು ಸೃಷ್ಟಿಸಿದ್ದಾನೆ ಎಂದು ಅವನು ತೀರ್ಮಾನಿಸುತ್ತಾನೆ. ಆದರೆ ಸೈತಾನನಿಗೆ ಸೃಷ್ಟಿಶಕ್ತಿ ಇದೆಯೆಂದರೆ ಅದೇ ಮತದ್ರೋಹ. ಕೊನೆಯಲ್ಲಿ ಅವನು ಗ್ರಹದ ಮೇಲೆ ಉಚ್ಚಾಟನ ವಿಧಿ ನಡೆಸುವ ಹೊತ್ತಿಗೇ ಅಲ್ಲಿ ನಡೆಯುತ್ತಿದ್ದ ಅಪಾಯಕಾರಿ ಪ್ರಯೋಗದಿಂದ ಗ್ರಹ ಸಿಡಿಯುತ್ತದೆ. ನಾಶ ಮಾಡಿದ್ದು ಮಂತ್ರವೋ ಯಂತ್ರವೋ? ಲೇಖಕ ಎರಡು ಬಾಗಿಲನ್ನೂ ತೆರೆದಿಟ್ಟಿದ್ದಾನೆ. ಕೃತಿಗೆ 1959ರ ಹ್ಯೂಗೊ ಪ್ರಶಸ್ತಿ ಬಂತು.

ಆರ್ಥರ್ ಸಿ. ಕ್ಲಾರ್ಕ್‌ನ ‘ದಿ ಸ್ಟಾರ್’ (1955) ಕಥೆಯ ಜೆಸುಯಿಟ್ ಖಗೋಳಜ್ಞನದು ಬೇರೆ ಸಂಕಟ. ಸ್ಫೋಟಗೊಂಡ ನಕ್ಷತ್ರವೊಂದು ಸುಂದರ ನಾಗರಿಕತೆಯೊಂದನ್ನು ಬೂದಿ ಮಾಡಿದ್ದನ್ನು ಅವನು ಕಾಣುತ್ತಾನೆ. ಲೆಕ್ಕ ಹಾಕಿದರೆ ಅದರ ಬೆಳಕೇ ಬೆತ್ಲೆಹೇಮಿನ ಆಕಾಶದಲ್ಲಿ ಯೇಸುವಿನ ಜನನ ಸಾರಿದ ತಾರೆ. ಮೇರಿ ಡೋರಿಯಾ ರಸೆಲ್ ಅವರ ‘ದಿ ಸ್ಪ್ಯಾರೊ’ (1996) ಕಾದಂಬರಿಯಲ್ಲಿ ಅನ್ಯಗ್ರಹದಿಂದ ಸಂಗೀತ ಕೇಳಿಬಂದಾಗ ದೇಶಗಳು ಚರ್ಚಿಸುತ್ತ ಕೂತಿರುತ್ತವೆ, ಜೆಸುಯಿಟರು ಹೊರಟೇಬಿಡುತ್ತಾರೆ. ಒಳ್ಳೆಯ ಉದ್ದೇಶದ ಆ ಯಾತ್ರೆ ದುರಂತದಲ್ಲಿ ಮುಗಿಯುತ್ತದೆ. ದೇವರೇ ಕರೆದದ್ದಾದರೆ ಹೀಗೇಕಾಯಿತು ಎಂಬುದು ಬದುಕಿ ಮರಳಿದ ಏಕೈಕ ಪಾದ್ರಿಯ ಪ್ರಶ್ನೆ.

ಚರ್ಚೂ ಇದರಿಂದ ದೂರ ನಿಂತಿಲ್ಲ. ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕ ಹೊಸೆ ಗೇಬ್ರಿಯೆಲ್ ಫ್ಯೂನೆಸ್ 2008ರಲ್ಲಿ, ಅನ್ಯಗ್ರಹ ಜೀವಿಗಳ ಸಾಧ್ಯತೆಗೂ ಶ್ರದ್ಧೆಗೂ ವಿರೋಧವಿಲ್ಲವೆಂದರು. 2014ರಲ್ಲಿ ಅದೇ ವೀಕ್ಷಣಾಲಯದ ಗೈ ಕಾನ್ಸೊಲ್‌ಮಾನ್ಯೊ ಮತ್ತು ಪಾಲ್ ಮುಲ್ಲರ್, ಅನ್ಯಗ್ರಹದವನಿಗೆ ಜ್ಞಾನಸ್ನಾನ ಕೊಡುವಿರಾ ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿಕೊಂಡು ಪುಸ್ತಕ ಬರೆದರು.

ಮಠದಲ್ಲಿ ಉಳಿದ ವಿಜ್ಞಾನ

ಧರ್ಮ ಮತ್ತು ವಿಜ್ಞಾನದ ಸಂಬಂಧವನ್ನು ಕುರಿತ ಕಾದಂಬರಿಗಳಲ್ಲಿ ವಾಲ್ಟರ್ ಎಂ. ಮಿಲ್ಲರ್‌ನ ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಸ್’ಗೆ ವಿಶೇಷ ಸ್ಥಾನವಿದೆ. ಎರಡನೆಯ ಮಹಾಯುದ್ಧದಲ್ಲಿ ಮಿಲ್ಲರ್ ಬಾಂಬರ್ ವಿಮಾನದ ಸಿಬ್ಬಂದಿ. ಇಟಲಿಯ ಮಾಂಟೆ ಕಸೀನೊದ ಪುರಾತನ ಮಠದ ಮೇಲೆ 1944ರಲ್ಲಿ ನಡೆದ ದಾಳಿಯಲ್ಲಿ ಅವನೂ ಇದ್ದ. ಮುಂದೆ ಕ್ಯಾಥೊಲಿಕನಾದ. ಕಾದಂಬರಿಗೆ 1961ರ ಹ್ಯೂಗೊ ಪ್ರಶಸ್ತಿ ದೊರಕಿತು.

ಅಣುಯುದ್ಧದ ನಂತರ ಜನ ಸಿಟ್ಟಿಗೆದ್ದು ವಿಜ್ಞಾನಿಗಳನ್ನು ಕೊಲ್ಲುತ್ತಾರೆ, ಪುಸ್ತಕಗಳನ್ನು ಸುಡುತ್ತಾರೆ. ಲೀಬೊವಿಟ್ಸ್ ಎಂಬ ಎಂಜಿನಿಯರ್ ಸ್ಥಾಪಿಸಿದ ಮಠದ ಸಂನ್ಯಾಸಿಗಳು ಅಳಿದುಳಿದ ಕಾಗದಗಳನ್ನು ಮರುಭೂಮಿಯಲ್ಲಿ ಬಚ್ಚಿಟ್ಟು ಕಾಯುತ್ತಾರೆ. ಆರುನೂರು ವರ್ಷಗಳ ಮೇಲೆ ಬ್ರದರ್ ಫ್ರಾನ್ಸಿಸ್ ಎಂಬ ಕಿರಿಯನಿಗೆ ನೆಲದಡಿಯ ಹಳೆಯ ಆಶ್ರಯತಾಣದಲ್ಲಿ ಎರಡು ಕಾಗದ ಸಿಗುತ್ತವೆ: ಒಂದು ಲೀಬೊವಿಟ್ಸ್‌ನ ಅಂಗಡಿ ಸಾಮಾನಿನ ಚೀಟಿ, ಇನ್ನೊಂದು ವಿದ್ಯುತ್ ಮಂಡಲದ ನಕ್ಷೆ. ಎರಡೂ ಪವಿತ್ರ ಅವಶೇಷಗಳಾಗುತ್ತವೆ. ನಕ್ಷೆಯ ಅರ್ಥ ಒಂದಿಷ್ಟೂ ತಿಳಿಯದ ಫ್ರಾನ್ಸಿಸ್ 15 ವರ್ಷ ಕೂತು, ಚಿನ್ನದ ರೇಕು ಹಚ್ಚಿ, ಬಳ್ಳಿ ಹೂವು ಬಿಡಿಸಿ ಅದರ ಪ್ರತಿ ತಯಾರಿಸುತ್ತಾನೆ. ದಾರಿಯಲ್ಲಿ ಸಿಕ್ಕ ದರೋಡೆಗಾರರು ಥಳಥಳಿಸುವ ಪ್ರತಿಯನ್ನು ಕಿತ್ತುಕೊಂಡು ಮಾಸಲು ಮೂಲವನ್ನು ಬಿಟ್ಟುಹೋಗುತ್ತಾರೆ.

ಓಲೆಗರಿಗಳನ್ನು ಓದಲು ಬಾರದಿದ್ದರೂ ಅರಿಶಿನ ಕುಂಕುಮ ಇಟ್ಟು ಪೂಜಿಸುತ್ತ ಕಾಪಾಡಿದ ಮನೆಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ಪ್ರಸಂಗ ದೂರದ್ದೆನಿಸದು. ಅರಿಯದೆ ಮಾಡಿದ ಪೂಜೆಯೂ ಅರಿವನ್ನು ಮುಂದಿನವರಿಗೆ ದಾಟಿಸಬಲ್ಲದು. ಆದರೆ ಮಿಲ್ಲರ್ ಅಲ್ಲಿಗೆ ನಿಲ್ಲುವುದಿಲ್ಲ. ಮೂರನೆಯ ಭಾಗದಲ್ಲಿ ವಿಜ್ಞಾನ ಮರಳಿ ಬಂದಿದೆ, ಅಣುಬಾಂಬೂ ಮರಳಿದೆ. ಭೂಮಿ ಮತ್ತೆ ಹೊತ್ತಿಕೊಂಡಾಗ ಸಂನ್ಯಾಸಿಗಳು ಕಾಗದಗಳ ಪೆಟ್ಟಿಗೆಯೊಂದಿಗೆ ನಕ್ಷತ್ರನೌಕೆ ಏರುತ್ತಾರೆ.

ಕಟ್ಟಿದ ಮತಗಳು

ಮತವೊಂದನ್ನು ಬುಡದಿಂದ ಕಟ್ಟಿ ತೋರಿಸಿದ ಕೃತಿಗಳದೇ ಒಂದು ಗುಂಪು. ಅಸಿಮೋವ್‌ನ ‘ಫೌಂಡೇಶನ್’ ಸರಣಿಯಲ್ಲಿ ಅಣುವಿಜ್ಞಾನಕ್ಕೆ ಪೂಜಾರಿಕೆಯ ವೇಷ ತೊಡಿಸಿ ನೆರೆರಾಜ್ಯಗಳನ್ನು ಅಂಕೆಯಲ್ಲಿಡುತ್ತಾರೆ. ಫ್ರಾಂಕ್ ಹರ್ಬರ್ಟ್‌ನ ‘ಡ್ಯೂನ್’ (1965) ಇದನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಬೆನೆ ಗೆಸೆರಿಟ್ ಎಂಬ ಸ್ತ್ರೀಸಂಘ ಹಿಂದುಳಿದ ಗ್ರಹಗಳಲ್ಲಿ ಮೊದಲೇ ಭವಿಷ್ಯವಾಣಿಗಳನ್ನು ಬಿತ್ತಿರುತ್ತದೆ. ಮುಂದೆಂದೋ ತಮ್ಮವರು ಅಲ್ಲಿ ಸಿಕ್ಕಿಬಿದ್ದರೆ ಆ ನಂಬಿಕೆಯೇ ರಕ್ಷೆ. ಮರುಭೂಮಿಯ ಜನ ಪಾಲ್ ಅಟ್ರೈಡಿಸ್‌ನನ್ನು ಉದ್ಧಾರಕನೆಂದು ಸ್ವೀಕರಿಸುವುದು ಇಂಥ ಬಿತ್ತನೆಯ ಫಲ. ಮಹ್ದಿ ಮೊದಲಾದ ಇಸ್ಲಾಮೀ ಪದಗಳೂ ಝೆನ್-ಸುನ್ನಿಯಂಥ ಬೆಸುಗೆ ಮತಗಳೂ ಕಾದಂಬರಿಯಲ್ಲಿ ಹೇರಳ. ಉದ್ಧಾರಕರನ್ನು ನಂಬಿ ಕೆಡಬೇಡಿ ಎಂಬುದು ಹರ್ಬರ್ಟ್‌ನ ಎಚ್ಚರಿಕೆ. ಅನೇಕ ಓದುಗರು ಪಾಲ್‌ನನ್ನು ನಾಯಕನೆಂದೇ ಮೆಚ್ಚಿದ್ದರಿಂದ ‘ಡ್ಯೂನ್ ಮೆಸಾಯ’ (1969) ಆ ಎಚ್ಚರಿಕೆಯನ್ನು ಬಿಡಿಸಿ ಹೇಳಿತು.

ಆಫ್ರಿಕನ್-ಅಮೆರಿಕನ್ ಲೇಖಕಿ ಆಕ್ಟೇವಿಯಾ ಬಟ್ಲರ್ ‘ಪ್ಯಾರಬಲ್ ಆಫ್ ದಿ ಸೋವರ್’ (1993) ಕಾದಂಬರಿಯಲ್ಲಿ 2024ರ ಕುಸಿಯುತ್ತಿರುವ ಅಮೆರಿಕವನ್ನು ಊಹಿಸಿದರು. ಪಾದ್ರಿಯ ಮಗಳು ಲಾರೆನ್, ಬದಲಾವಣೆಯನ್ನೇ ದೇವರೆಂದು ತಿಳಿಯುವ ಹೊಸ ಮತವನ್ನು ನಡೆಯುತ್ತ ನಡೆಯುತ್ತಲೇ ಕಟ್ಟುತ್ತಾಳೆ. ಟೆಡ್ ಚಿಯಾಂಗ್‌ನ ‘ಹೆಲ್ ಈಸ್ ದಿ ಆಬ್ಸೆನ್ಸ್ ಆಫ್ ಗಾಡ್’ (2001) ಇನ್ನೊಂದು ತುದಿಗೆ ಹೋಗುತ್ತದೆ. ಅಲ್ಲಿ ದೇವದೂತರು ಬಿರುಗಾಳಿಯಂತೆ ಬಂದಿಳಿಯುತ್ತಾರೆ. ಕೆಲವರು ಗುಣವಾಗುತ್ತಾರೆ, ಕೆಲವರು ಸಾಯುತ್ತಾರೆ. ದೇವರಿರುವುದು ಅಲ್ಲಿ ನಂಬಿಕೆಯ ಮಾತೇ ಅಲ್ಲ, ಹವಾಮಾನದಂತೆ ಕಣ್ಣೆದುರಿನ ಸಂಗತಿ. ಹಾಗಾದ ಮೇಲೂ ಹೆಂಡತಿಯನ್ನು ಕಳೆದುಕೊಂಡವನು ಆ ದೇವರನ್ನು ಪ್ರೀತಿಸಬಲ್ಲನೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪುಟದ ಮತಗಳು ಕೆಲವೊಮ್ಮೆ ಬೀದಿಗೂ ಇಳಿದಿವೆ. ರಾಬರ್ಟ್ ಹೈನ್‌ಲೈನ್‌ನ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’ (1961) ಓದಿದ ಅಮೆರಿಕದ ಯುವಕರು ಅದರಲ್ಲಿನ ಮತಸಂಘದ ಹೆಸರಿನಲ್ಲೇ ಸಂಸ್ಥೆ ಕಟ್ಟಿದರು. 1950ರ ದಶಕದಲ್ಲಿ ಸೈಂಟಾಲಜಿಯನ್ನು ಆರಂಭಿಸಿದ ಎಲ್. ರಾನ್ ಹಬ್ಬರ್ಡ್ ಅದಕ್ಕೆ ಮುನ್ನ ವಿಜ್ಞಾನ ಕಥೆಗಾರ. 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 3,90,127 ಮಂದಿ ತಮ್ಮ ಮತ ‘ಸ್ಟಾರ್ ವಾರ್ಸ್’ ಚಿತ್ರಗಳ ‘ಜೆಡೈ’ ಎಂದು ಬರೆಸಿದರು; ಬಹಳಷ್ಟು ಮಂದಿಗೆ ಅದು ತಮಾಷೆ, ಕೆಲವರಿಗೆ ನಿಜ. 2016ರಲ್ಲಿ ಅಲ್ಲಿನ ಧರ್ಮಾರ್ಥ ಸಂಸ್ಥೆಗಳ ಆಯೋಗ ಜೆಡೈ ಸಂಘಟನೆಯೊಂದಕ್ಕೆ ಮತಸಂಸ್ಥೆಯ ಮಾನ್ಯತೆ ನಿರಾಕರಿಸಿತು. ಇದರ ಕರಾಳ ಮುಖ 1997ರಲ್ಲಿ ಕಂಡಿತು: ಹೇಲ್-ಬಾಪ್ ಧೂಮಕೇತುವಿನ ಜೊತೆ ಬಂದ ಅಂತರಿಕ್ಷನೌಕೆ ತಮ್ಮನ್ನು ಕರೆದೊಯ್ಯುತ್ತದೆಂದು ನಂಬಿ ಕ್ಯಾಲಿಫೋರ್ನಿಯಾದಲ್ಲಿ ‘ಹೆವನ್ಸ್ ಗೇಟ್’ ಪಂಥದ 39 ಮಂದಿ ಪ್ರಾಣ ಕಳೆದುಕೊಂಡರು.

ಪೂರ್ವದ ದರ್ಶನಗಳು

ಕ್ಲಾರ್ಕ್‌ನ ‘ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್’ (1953) ಕಥೆಯಲ್ಲಿ ಟಿಬೆಟಿನ ಲಾಮಾಗಳು, ಮುಗಿದೊಡನೆ ಲೋಕದ ಉದ್ದೇಶವೂ ಈಡೇರುತ್ತದೆಂದು ನಂಬಿ, ದೇವರ ಎಲ್ಲ ಹೆಸರುಗಳನ್ನೂ ಬರೆದು ಮುಗಿಸಲು ಕಂಪ್ಯೂಟರ್ ಬಾಡಿಗೆಗೆ ತರುತ್ತಾರೆ. ಕೈಯಲ್ಲಿ 15,000 ವರ್ಷ ಹಿಡಿಯುವ ಕೆಲಸ ಯಂತ್ರಕ್ಕೆ ನೂರು ದಿನ. ಅದನ್ನು ಅಳವಡಿಸಿದ ಅಮೆರಿಕನ್ನರು ಒಳಗೊಳಗೇ ನಗುತ್ತ ಬೆಟ್ಟ ಇಳಿಯುವಾಗ, ಮೇಲೆ ನಕ್ಷತ್ರಗಳು ಒಂದೊಂದಾಗಿ ಆರತೊಡಗುತ್ತವೆ. 1956ರಿಂದ ಶ್ರೀಲಂಕಾದಲ್ಲಿ ನೆಲೆಸಿದ್ದ ಕ್ಲಾರ್ಕ್ ಮತಗಳನ್ನು ನಂಬದವನು. ತನ್ನ ಅಂತ್ಯಕ್ರಿಯೆಯಲ್ಲಿ ಯಾವ ಮತದ ವಿಧಿಯೂ ಬೇಡವೆಂದು ಬರೆದಿಟ್ಟಿದ್ದ. ಅರ್ಸುಲಾ ಲೆ ಗ್ವಿನ್ ಅವರ ಕಾದಂಬರಿಗಳಲ್ಲಿ ದಾವೊ ತತ್ವ ಹಾಸುಹೊಕ್ಕಾಗಿದೆ.

ರೋಜರ್ ಝೆಲಾಜ್ನಿಯ ‘ಲಾರ್ಡ್ ಆಫ್ ಲೈಟ್’ (1967) ಭಾರತೀಯ ಓದುಗರನ್ನು ಹೆಚ್ಚು ಕೆಣಕುವ ಕೃತಿ. ದೂರದ ಗ್ರಹಕ್ಕೆ ಮೊದಲು ಬಂದಿಳಿದ ನೌಕೆಯ ಸಿಬ್ಬಂದಿ ತಂತ್ರಜ್ಞಾನವನ್ನು ತಮ್ಮಲ್ಲೇ ಇಟ್ಟುಕೊಂಡು ಬ್ರಹ್ಮ, ಯಮ, ಕಾಳಿ ಎಂಬ ಹೆಸರು ಹೊತ್ತು ಮೆರೆಯುತ್ತಾರೆ. ಪುನರ್ಜನ್ಮ ಅಲ್ಲಿ ಯಂತ್ರದ ಕೆಲಸ: ಮನಸ್ಸನ್ನು ಹೊಸ ದೇಹಕ್ಕೆ ವರ್ಗಾಯಿಸುವ ಮೊದಲು ‘ಕರ್ಮದ ಒಡೆಯರು’ ತಲೆಯೊಳಗನ್ನು ಜಾಲಾಡಿ, ವಿಧೇಯನಿಗೆ ಒಳ್ಳೆಯ ದೇಹ, ಎದುರಾಡಿದವನಿಗೆ ಕೆಟ್ಟದ್ದು ಕೊಡುತ್ತಾರೆ. ಕಾಸು ಹಾಕಿದರೆ ಪ್ರಾರ್ಥನೆ ಸಲ್ಲಿಸುವ ಯಂತ್ರಗಳೂ ಇವೆ. ಇದನ್ನು ಮುರಿಯಲು ಸ್ಯಾಮ್ ಎಂಬವನು ಬುದ್ಧನ ವೇಷ ತೊಟ್ಟು ಬೌದ್ಧಮತವನ್ನು ಹರಡುತ್ತಾನೆ. ಅವನಿಗೆ ಅದು ರಾಜಕೀಯ ತಂತ್ರ, ಅವನ ಶಿಷ್ಯನೊಬ್ಬನಿಗೆ ಮಾತ್ರ ಅದು ನಿಜವಾದ ಬೋಧಿ. ಈ ಕಾದಂಬರಿಯನ್ನು ಆಧರಿಸಿದ, ತೆರೆಗೆ ಬಾರದ ಚಿತ್ರಕಥೆಯನ್ನೇ ನೆಪವಾಗಿಟ್ಟುಕೊಂಡು ಅಮೆರಿಕದ ಗುಪ್ತಚರ ಸಂಸ್ಥೆ 1980ರ ಜನವರಿಯಲ್ಲಿ ಟೆಹ್ರಾನ್‌ನಿಂದ ಆರು ರಾಜತಾಂತ್ರಿಕರನ್ನು ಸಿನಿಮಾ ತಂಡದ ವೇಷದಲ್ಲಿ ಪಾರುಮಾಡಿತು. ‘ಆರ್ಗೊ’ (2012) ಚಿತ್ರದ ವಸ್ತು ಅದು.

ಅನ್ಯಲೋಕಗಳು ಕ್ರೈಸ್ತ ಚಿಂತನೆಗೆ ಒಡ್ಡಿದ ಬಿಕ್ಕಟ್ಟು ಭಾರತೀಯ ದರ್ಶನಗಳಿಗೆ ಹೆಚ್ಚಾಗಿ ತಟ್ಟುವುದಿಲ್ಲ. ಅನೇಕ ಲೋಕ, ಅನೇಕ ಯುಗ, ಅನೇಕ ಜನ್ಮ ಇಲ್ಲಿ ಆರಂಭದಿಂದಲೇ ಇವೆ. ಜೈನದರ್ಶನಕ್ಕೆ ಸೃಷ್ಟಿಕರ್ತನೇ ಬೇಕಿಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ಸೃಷ್ಟಿವಾದವನ್ನು ಒಂದೊಂದೇ ತರ್ಕದಿಂದ ಖಂಡಿಸಿದರು. ಪಂಪನ ‘ಆದಿಪುರಾಣ’ಕ್ಕೆ ಆಕರವಾದ ಈ ಗ್ರಂಥದ ಆ ಭಾಗವನ್ನು ಖಗೋಳಜ್ಞ ಕಾರ್ಲ್ ಸೇಗನ್ ‘ಕಾಸ್ಮಾಸ್’ (1980) ಪುಸ್ತಕದ ಒಂದು ಅಧ್ಯಾಯದ ಮೊದಲಲ್ಲಿ ಉದ್ಧರಿಸಿದರು. ಅದೇ ಸೇಗನ್‌ರ ಕಾದಂಬರಿ ‘ಕಾಂಟ್ಯಾಕ್ಟ್’ (1985) ನಾಸ್ತಿಕ ವಿಜ್ಞಾನಿಯೊಬ್ಬಳನ್ನು, ತಾನು ಕಂಡದ್ದಕ್ಕೆ ಪುರಾವೆ ಕೊಡಲಾಗದ ಭಕ್ತನ ಜಾಗದಲ್ಲೇ ತಂದು ನಿಲ್ಲಿಸುತ್ತದೆ.

ತೆರೆಯ ಮೇಲೆ

ಸ್ಟಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ (1968) ದೇವರ ಹೆಸರೆತ್ತದೆ ಒಂದು ಕಪ್ಪು ಚಪ್ಪಡಿಯ ಮೂಲಕ ಅನಿರ್ವಚನೀಯವನ್ನು ತೋರಿಸಲು ಯತ್ನಿಸಿತು. ‘ಸ್ಟಾರ್ ಟ್ರೆಕ್’ (1966) ಧಾರಾವಾಹಿಯ ನಿರ್ಮಾತೃ ಜೀನ್ ರಾಡನ್‌ಬೆರಿ ಮಾನವತಾವಾದಿ. ಅಲ್ಲಿ ಎದುರಾಗುವ ‘ದೇವರು’ಗಳು ಬಹುತೇಕ ಬಲಿಷ್ಠ ಅನ್ಯಜೀವಿಗಳಷ್ಟೆ. ಅದೇ ಪರಿವಾರದ ‘ಡೀಪ್ ಸ್ಪೇಸ್ ನೈನ್’ (1993–99) ಮಾತ್ರ ಒಂದೇ ಜೀವಿಗಳನ್ನು ಭಕ್ತರು ಪ್ರವಾದಿಗಳೆಂದೂ ವಿಜ್ಞಾನಿಗಳು ಅನ್ಯಜೀವಿಗಳೆಂದೂ ಕರೆಯಲು ಬಿಟ್ಟು, ಎರಡು ನೋಟಗಳನ್ನೂ ಗೌರವದಿಂದ ಕಂಡಿತು. ‘ಸ್ಟಾರ್ ವಾರ್ಸ್’ (1977) ಚಿತ್ರದ ‘ಫೋರ್ಸ್’ ಸಗುಣ ದೇವರ ಜಾಗದಲ್ಲಿ ನಿರ್ಗುಣ ಶಕ್ತಿಯನ್ನಿಟ್ಟಿತು. ‘ದಿ ಮೇಟ್ರಿಕ್ಸ್’ (1999) ನಾಸ್ಟಿಕ್ ಪಂಥ, ಬೌದ್ಧಮತ, ಕ್ರಿಸ್ತಕಥೆಗಳನ್ನು ಕಲಸಿ ಕಾಣುವ ಜಗತ್ತೇ ಭ್ರಮೆ ಎಂದಿತು; ಸರಣಿಯ ಮೂರನೆಯ ಚಿತ್ರದ ಕೊನೆಯ ಸಂಗೀತದಲ್ಲಿ ಉಪನಿಷತ್ತಿನ ಶ್ಲೋಕವೂ, ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ (2004–09) ಧಾರಾವಾಹಿಯ ಶೀರ್ಷಿಕೆ ಸಂಗೀತದಲ್ಲಿ ಗಾಯತ್ರಿ ಮಂತ್ರವೂ ಕೇಳಿಬರುತ್ತವೆ. ಈ ಧಾರಾವಾಹಿಯಲ್ಲಿ ಮನುಷ್ಯರು ಬಹುದೇವತಾರಾಧಕರು, ಅವರು ಮಾಡಿದ ಯಂತ್ರಗಳು ಏಕದೇವನಿಷ್ಠರು!

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಈ ಸಂವಾದದ ತೊಡಕು ಬೇರೆ. ಇಲ್ಲಿ ಅನ್ಯಲೋಕ ಸಮಸ್ಯೆಯಲ್ಲ. ಪುರಾಣವನ್ನು ಕಳೆದುಹೋದ ತಂತ್ರಜ್ಞಾನದ ವರದಿಯಂತೆ ಓದುವ ಚಪಲ ಸಮಸ್ಯೆ. ಇದರ ಪ್ರಸಿದ್ಧ ನಿದರ್ಶನ ಕರ್ನಾಟಕದ್ದೇ. ‘ವೈಮಾನಿಕ ಶಾಸ್ತ್ರ’ ಎಂಬ ಸಂಸ್ಕೃತ ಗ್ರಂಥವನ್ನು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918–23ರ ಅವಧಿಯಲ್ಲಿ ಹೇಳಿ ಬರೆಸಿದರು. ಭರದ್ವಾಜ ಮಹರ್ಷಿಯಿಂದ ತಮಗೆ ಅಂತಃಸ್ಫುರಣೆಯಲ್ಲಿ ದೊರೆತದ್ದೆಂದು ಅವರ ಹೇಳಿಕೆ. ಎಲ್ಲಪ್ಪ ಎಂಬ ನಕ್ಷೆಗಾರರು ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ಚಿತ್ರ ಬರೆದರು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಇಂಗ್ಲಿಷ್ ಅನುವಾದ ಹೊರತಂದರು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಪಠ್ಯದ ಭಾಷೆ, ನಕ್ಷೆ, ಲೆಕ್ಕಗಳನ್ನು ಪರಿಶೀಲಿಸಿ, ಕೃತಿ 1904ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿನ ವಿಮಾನಗಳು ಹಾರಲಾರವೆಂದೂ ತೋರಿಸಿಕೊಟ್ಟರು. ಶಾಸ್ತ್ರವೆಂದು ನೋಡಿದರೆ ಸೋಲುವ ಆ ಗೋಪುರದಾಕಾರದ ಯಂತ್ರಗಳು ಕಲ್ಪನೆಯೆಂದು ನೋಡಿದರೆ ಸೊಗಸು. 20ನೇ ಶತಮಾನದ ಆರಂಭದಲ್ಲಿ, ವಿಮಾನ ಹೊಸದಾಗಿದ್ದಾಗ, ಸಂಸ್ಕೃತ ಪಂಡಿತರೊಬ್ಬರ ಮನಸ್ಸು ಅದನ್ನು ತನ್ನ ಲೋಕದೊಳಗೆ ಹೇಗೆ ಕೂರಿಸಿಕೊಂಡಿತು ಎಂಬುದಕ್ಕೆ ಅವು ಅಪೂರ್ವ ಸಾಕ್ಷಿ.

ಕಥೆಯನ್ನು ಕಥೆಯೆಂದೇ ಒಪ್ಪಿಕೊಂಡ ಕೃತಿಗಳು ಹೆಚ್ಚು ಸ್ವತಂತ್ರವಾಗಿವೆ. ಬೇಗಂ ರೊಕೆಯಾರ ‘ಸುಲ್ತಾನಾಸ್ ಡ್ರೀಮ್’ (1905) ಗಂಡಸರನ್ನು ಪರದೆಯೊಳಗಿಟ್ಟು, ಹೆಂಗಸರು ಸೌರಶಕ್ತಿಯಿಂದ ನಡೆಸುವ ನಾಡನ್ನು ಚಿತ್ರಿಸಿತು. ಪ್ರೀತಿ ಮತ್ತು ಸತ್ಯವೇ ಆ ನಾಡಿನ ಮತ. ಹಿಂದಿ ಚಿತ್ರ ‘ಪೀಕೆ’ (2014) ಅನ್ಯಗ್ರಹದವನ ಮುಗ್ಧ ಪ್ರಶ್ನೆಗಳಿಂದ ದೇವಮಾನವರ ವ್ಯಾಪಾರವನ್ನು ಬಯಲಿಗೆಳೆಯಿತು. ಆರತಿ ಕಡವ್ ಅವರ ‘ಕಾರ್ಗೊ’ ಚಿತ್ರದಲ್ಲಿ ರಾಕ್ಷಸರು ಪುಷ್ಪಕ ಎಂಬ ಅಂತರಿಕ್ಷನೌಕೆಯಲ್ಲಿ ಕೂತು, ಸತ್ತವರ ನೆನಪನ್ನು ಅಳಿಸಿ ಮರುಜನ್ಮಕ್ಕೆ ಕಳಿಸುವ ಕಚೇರಿ ಕೆಲಸ ಮಾಡುತ್ತಾರೆ. ತೆಲುಗಿನ ‘ಕಲ್ಕಿ 2898 ಎಡಿ’ (2024) ಅಶ್ವತ್ಥಾಮನ ಶಾಪವನ್ನೂ ಕಲ್ಕಿಯ ನಿರೀಕ್ಷೆಯನ್ನೂ ಬರಡಾದ ಭವಿಷ್ಯದ ಕಾಶಿಗೆ ತಂದಿತು.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠ, ‘ಮನು’ ಮೊದಲಾದವರು ವಿಜ್ಞಾನ ಕಥೆಗೆ ನೆಲೆ ಒದಗಿಸಿದರು. ಧರ್ಮ-ವಿಜ್ಞಾನಗಳ ನಡುವಿನ ಹೊಸ್ತಿಲಲ್ಲಿ ನಿಂತ ಕನ್ನಡದ ಶ್ರೇಷ್ಠ ಕೃತಿ ಮಾತ್ರ ಈ ಪ್ರಕಾರದ ಹೊರಗಿನದು: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಹಾರುವ ಓತಿಯ ಬೆನ್ನುಹತ್ತಿ ಕಾಡು ಹೊಕ್ಕ ವಿಜ್ಞಾನಿ, ಹಳ್ಳಿಗ ಮಂದಣ್ಣ, ನಿರೂಪಕರ ಕಣ್ಣೆದುರೇ ಅದು ಪ್ರಪಾತದ ಮೇಲೆ ತೇಲಿ ಮರೆಯಾಗುತ್ತದೆ. ವಿಕಾಸವಾದದ ಪಾಠವಾಗಿ ಆರಂಭವಾದ ಹುಡುಕಾಟ ದೇವರ ಹೆಸರೆತ್ತದೆಯೇ ದರ್ಶನದ ಅಂಚಿಗೆ ಬಂದು ನಿಲ್ಲುತ್ತದೆ.

ಕಥೆಯಿಂದ ಆಚರಣೆಗೆ

ಗಗನಯಾನ ನಿಜವಾದ ಮೇಲೆ ಕಥೆಗಾರರ ಪ್ರಶ್ನೆಗಳು ಧರ್ಮಗುರುಗಳ ಮೇಜಿಗೆ ಬಂದವು. 1968ರ ಕ್ರಿಸ್‌ಮಸ್ ಹಿಂದಿನ ಸಂಜೆ ಅಪೊಲೊ 8ರ ಯಾನಿಗಳು ಚಂದ್ರನ ಕಕ್ಷೆಯಿಂದ ಬೈಬಲಿನ ಆದಿಕಾಂಡ ಓದಿದರು. 1969ರಲ್ಲಿ ಬಜ್ ಆಲ್ಡ್ರಿನ್ ಚಂದ್ರನ ಮೇಲೆ ಪ್ರಭುಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸ ಸೇವಿಸಿದರು. ಇಸ್ರೇಲಿನ ಇಲಾನ್ ರಾಮೋನ್ 2003ರ ಯಾನಕ್ಕೆ ಮುನ್ನ, ದಿನಕ್ಕೆ ಹದಿನಾರು ಸೂರ್ಯೋದಯವಾಗುವ ಕಕ್ಷೆಯಲ್ಲಿ ಸಬ್ಬತ್ ಯಾವಾಗ ಎಂದು ರಬ್ಬಿಗಳನ್ನು ಕೇಳಿದರು. 2007ರಲ್ಲಿ ಮಲೇಷ್ಯಾದ ಶೇಖ್ ಮುಸ್ಜಾಫರ್ ರಂಜಾನ್ ತಿಂಗಳಲ್ಲೇ ಅಂತರಿಕ್ಷ ನಿಲ್ದಾಣಕ್ಕೆ ಹೊರಟಾಗ ಅಲ್ಲಿನ ಫತ್ವಾ ಮಂಡಳಿ ಕೈಪಿಡಿಯನ್ನೇ ಸಿದ್ಧಪಡಿಸಿತು. ನಮಾಜಿಗೆ ಸಾಧ್ಯವಾದರೆ ಕಾಬಾದತ್ತ ಮುಖ ಮಾಡುವುದು, ಆಗದಿದ್ದರೆ ಕಾಬಾದ ನೇರ ಮೇಲಿನ ದಿಕ್ಕು, ಅದೂ ಆಗದಿದ್ದರೆ ಭೂಮಿ, ಏನೂ ಆಗದಿದ್ದರೆ ಯಾವ ಕಡೆಯಾದರೂ ಸರಿ.

ಇಸ್ರೊ ವಿಜ್ಞಾನಿಗಳು ಉಡಾವಣೆಗೆ ಮುನ್ನ ರಾಕೆಟ್ಟಿನ ಪುಟ್ಟ ಮಾದರಿಯನ್ನು ತಿರುಪತಿಯಲ್ಲಿ ವೆಂಕಟೇಶ್ವರನ ಮುಂದಿಡುವುದು ಪ್ರತಿಬಾರಿಯೂ ಚರ್ಚೆಗೆ ಕಾರಣವಾಗುತ್ತದೆ. ಆಯುಧಪೂಜೆಯ ದಿನ ಲೇತು, ಬಸ್ಸು, ಕಂಪ್ಯೂಟರುಗಳಿಗೆ ಕುಂಕುಮ ಹಚ್ಚುವ ನಾಡಿನಲ್ಲಿ ಅದು ಅನೇಕರಿಗೆ ಸಹಜ. ವಿಚಾರವಾದಿಗಳಿಗೆ ವಿಜ್ಞಾನ ಸಂಸ್ಥೆ ಹಾಗೆ ಮಾಡುವುದು ಅಸಹಜ. ಜಪಾನಿನ ಕ್ಯೋಟೋದ ಕೊಡೈಜಿ ದೇವಾಲಯದಲ್ಲಿ 2019ರಿಂದ ಮಿಂದಾರ್ ಎಂಬ ರೋಬೋ ಬೋಧಿಸತ್ವನ ರೂಪದಲ್ಲಿ ಪ್ರವಚನ ನೀಡುತ್ತಿದೆ. 2017ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಯಂತ್ರವೊಂದು ಹಲವು ಭಾಷೆಗಳಲ್ಲಿ ಆಶೀರ್ವದಿಸಿತು. 2023ರಲ್ಲಿ ಕೇರಳದ ತ್ರಿಶ್ಶೂರು ಜಿಲ್ಲೆಯ ದೇವಸ್ಥಾನವೊಂದಕ್ಕೆ ಯಾಂತ್ರಿಕ ಆನೆ ಬಂತು.

ಕರ್ನಾಟಕದ ಅನೇಕ ದೇವಸ್ಥಾನಗಳಲ್ಲಿ ಇದಕ್ಕೂ ಮೊದಲೇ ಒಂದು ಯಂತ್ರ ಬಂದು ಕೂತಿದೆ. ಕಬ್ಬಿಣದ ಚೌಕಟ್ಟು, ಅದಕ್ಕೆ ಬಿಗಿದ ನಗಾರಿ, ಜಾಗಟೆ, ಗಂಟೆ, ಕೆಳಗೆ ಮೋಟರು. ಮಹಾಮಂಗಳಾರತಿಯ ಹೊತ್ತಿಗೆ ಸ್ವಿಚ್ ಒತ್ತಿದರೆ ತಾಳ ತಪ್ಪದೆ ಬಾರಿಸುತ್ತದೆ, ಆರತಿ ಮುಗಿದೊಡನೆ ನಿಲ್ಲುತ್ತದೆ. ಹಿಂದೆ ಅದು ಓಲಗದವರ, ಊರ ಹುಡುಗರ ಸೇವೆಯಾಗಿತ್ತು. ಅಸಿಮೋವ್‌ನ ಕ್ಯೂಟಿಗೆ ಭಕ್ತಿಯಿತ್ತು, ಅದನ್ನು ಮೆಚ್ಚುವ ಮನುಷ್ಯರಿರಲಿಲ್ಲ. ಈ ಯಂತ್ರಕ್ಕೆ ಭಕ್ತಿಯಿಲ್ಲ, ಅದರ ಸದ್ದಿಗೆ ಕೈಮುಗಿಯುವವರು ಗುಡಿ ತುಂಬ ಇದ್ದಾರೆ. ಎರಡೂ ಕಡೆ ಕೆಲಸ ಚೊಕ್ಕವಾಗಿ ನಡೆಯುತ್ತದೆ. ಬಾರಿಸುವವರಿಲ್ಲದ ಈ ನಗಾರಿ ಯಾರ ಸೇವೆ ಎಂಬ ಪ್ರಶ್ನೆ ಮಾತ್ರ, ಕಥೆಯಲ್ಲಿ ಕೇಳಿದಷ್ಟು ಬಿಡಿಸಿ ಗುಡಿಯಲ್ಲಿ ಇನ್ನೂ ಯಾರೂ ಕೇಳಿಲ್ಲ.